ಕುರುವತ್ತಿಯ ಮಡು

ಕಲ್ಯಾಣ ಚಾಲುಕ್ಯರ ಒಂದನೆಯ ಸೋಮೇಶ್ವರನು ತುಂಗಭದ್ರೆಯಲ್ಲಿ ಜಲಸಮಾಧಿ ಹೊಂದಿದ ಸಂಗತಿ ಸುಪರಿಚಿತ. ಕಾಲ 1068ರ ಮಾರ್ಚ್ ತಿಂಗಳ ಕೊನೆ. ಸ್ಥಳ ‘ಕುರುವರ್ತಿ’, ಅಂದರೆ ಇಂದಿನ ಹಡಗಲಿ ತಾಲೂಕಿನ ಕುರುವತ್ತಿ. ಜ್ವರಪೀಡಿತನಾದ ಅರಸನು ಕೊರಳುದ್ದ ನೀರಿಗಿಳಿದು ಅಲೆಗಳ, ವಾದ್ಯಗಳ ಘೋಷದ ನಡುವೆ ಅಸುನೀಗಿದನೆಂದು ಬಿಲ್ಹಣನು ‘ವಿಕ್ರಮಾಂಕದೇವಚರಿತ’ದಲ್ಲಿ ಬಣ್ಣಿಸುತ್ತಾನೆ. ಈ ಘಟನೆಯನ್ನು ಶಾಸನ, ಕಾವ್ಯಗಳ ಆಧಾರದಿಂದ ನೋಡುವುದು ರೂಢಿ. ನದಿಯನ್ನೂ ಸಾಕ್ಷಿಗೆ ಕರೆಯಬೇಕೆಂಬುದು ನನ್ನ ಆಶಯ.

ಚೈತ್ರದ ತುಂಗಭದ್ರೆಯನ್ನು ಕಂಡವರಿಗೆ ಒಂದು ಪ್ರಶ್ನೆ ಮೂಡದಿರದು. ಮಳೆಗಾಲದಲ್ಲಿ ಮಲೆನಾಡಿನ ನೀರನ್ನು ಹೊತ್ತು ದಡ ಮೀರುವ ಹೊಳೆ ಆ ವೇಳೆಗೆ ಬಂಡೆ-ಮರಳುಗಳ ನಡುವೆ ಸೀಳುಸೀಳಾಗಿ ಹರಿಯುತ್ತಿರುತ್ತದೆ. ಅನೇಕ ಕಡೆ ನಡೆದೇ ದಾಟಬಹುದು. ಅಣೆಕಟ್ಟುಗಳಿಲ್ಲದ ಆ ಕಾಲದಲ್ಲಿ ಕೊರಳುದ್ದ ನೀರು ಎಲ್ಲಿಂದ ಬಂತು?

ಉತ್ತರದ ಸುಳಿವು ಊರ ಹೆಸರಿನಲ್ಲಿಯೇ ಇದೆ. ‘ಕುರುವ’ ಎಂದರೆ ನಡುಗಡ್ಡೆ. ಇದೇ ನದಿಯ ಮೇಲ್ಭಾಗದಲ್ಲಿ ಹೊನ್ನಾಳಿ ತಾಲೂಕಿನ ಕುರುವ, ಕೃಷ್ಣೆಯಲ್ಲಿ ರಾಯಚೂರು ಸೀಮೆಯ ಕುರುವಪುರ ಇವೆ. ಕುರುವತ್ತಿಯ ಪೂರ್ವಪದವೂ ಇದೇ ಎಂಬುದು ನನ್ನ ಅಭಿಪ್ರಾಯ. ಉತ್ತರಪದದಲ್ಲಿ ‘ಆವರ್ತ’ವನ್ನು, ಅಂದರೆ ಸುಳಿಯನ್ನು ಕಾಣುವ ಆಸೆ ಯಾರಿಗೂ ಹುಟ್ಟೀತು, ಅಂಥ ಸುಲಭದ ನಿಷ್ಪತ್ತಿಯನ್ನು ನಾನು ಒಪ್ಪಲಾರೆ.

ಕುರುವ ಹುಟ್ಟುವ ಬಗೆ ಗಮನಾರ್ಹ. ಪ್ರವಾಹಕ್ಕೆ ಬಂಡೆ ಅಡ್ಡಬಂದಾಗ ಅದರ ಹಿಂಬದಿಯಲ್ಲಿ ನೀರಿನ ವೇಗ ತಗ್ಗುತ್ತದೆ. ಹೊತ್ತು ತಂದ ಮರಳು ಅಲ್ಲಿ ಕೂಡುತ್ತದೆ. ಮೇಲೆ ಮೆಕ್ಕಲು ಕಟ್ಟುತ್ತದೆ, ಜೊಂಡು ಬೇರೂರುತ್ತದೆ, ಬೇರು ಮುಂದಿನ ನೆರೆಯ ಮಣ್ಣನ್ನು ಹಿಡಿಯುತ್ತದೆ. ಇತ್ತ ಇಬ್ಭಾಗವಾದ ಹೊಳೆ ಇಕ್ಕಟ್ಟಾದ ಕವಲಿನಲ್ಲಿ ರಭಸಗೊಂಡು ತಳವನ್ನು ಕೊರೆಯುತ್ತದೆ. ಹೀಗೆ ಕೊರೆದ ಕುಳಿಯೇ ಬೇಸಗೆಯಲ್ಲಿಯೂ ಬತ್ತದ ಮಡು. ಕುರುವ-ಮಡುಗಳು ಒಂದೇ ಹರಿವಿನ ಎರಡು ಕೆಲಸ: ಒಂದೆಡೆ ಕೂಡಿಡುವುದು, ಇನ್ನೊಂದೆಡೆ ಕೊರೆಯುವುದು.

ಹಾಗಾದರೆ ಅರಸನು ಕುರುವತ್ತಿಗೆ ಬಂದುದು ಅದರ ಪಾವಿತ್ರ್ಯಕ್ಕಾಗಿ ಮಾತ್ರವಲ್ಲ, ಬಿರುಬೇಸಗೆಯಲ್ಲಿಯೂ ಆಳದ ನೀರು ಅಲ್ಲಿತ್ತೆಂಬುದಕ್ಕಾಗಿಯೂ ಇರಬೇಕು. ಅಥವಾ ಆ ಬತ್ತದ ಮಡುವೇ ಸ್ಥಳಕ್ಕೆ ಪಾವಿತ್ರ್ಯ ತಂದಿತೆನ್ನೋಣ. ಪೂರ್ವದ ಕೂಡ್ಲಿಗಿ, ಕೊಟ್ಟೂರು ಸೀಮೆಯ ಹಳ್ಳಗಳಲ್ಲಿ ಆ ದಿನಗಳಲ್ಲಿ ಮರಳು ತೋಡಿದರಷ್ಟೇ ಒರತೆ. ಹಗರಿಬೊಮ್ಮನಹಳ್ಳಿಗೆ ಹೆಸರು ಕೊಟ್ಟ ಹಗರಿಯೂ ಮಳೆ ನಂಬಿದ ಹಳ್ಳವೇ.

ಅಲೆಗ್ಸಾಂಡರ್ ರೀ 1896ರ ತನ್ನ ಗ್ರಂಥದಲ್ಲಿ ಕುರುವತ್ತಿಯ ದೇವಾಲಯವನ್ನು, ಅದರ ಸುಂದರ ಮದನಿಕೆಯರನ್ನು ದಾಖಲಿಸಿದ. ಕಲ್ಲಿನ ಆ ಸಾಕ್ಷ್ಯಕ್ಕೆ ರಕ್ಷಣೆಯುಂಟು, ಮರಳಿನದಕ್ಕಿಲ್ಲ. 1953ರಲ್ಲಿ ಹೊಸಪೇಟೆಯ ಬಳಿ ತುಂಗಭದ್ರೆಯನ್ನು ತಡೆದ ಜಲಾಶಯದ ಸಾಮರ್ಥ್ಯ ಸುಮಾರು 133 ಟಿಎಂಸಿಯಿಂದ 105ರ ಆಸುಪಾಸಿಗೆ ಇಳಿದಿದೆ. ಉಳಿದ ಜಾಗದಲ್ಲಿ ಹೂಳಿದೆ. ಹಡಗಲಿ ದಡದ ಮರಳಾದರೋ ಲಾರಿಗಳಲ್ಲಿ ಊರೂರಿಗೆ ಹೋಗುತ್ತಿದೆ. ಕುರುವತ್ತಿಯ ಪಾತ್ರವನ್ನು ಬೇಸಗೆಯಲ್ಲಿ ಅಳೆದು, ಹಳೆಯ ಕವಲು-ಮಡುಗಳ ನಕ್ಷೆ ಬರೆಯುವ ಕೆಲಸವನ್ನು ಸಂಶೋಧನ ವಿದ್ಯಾರ್ಥಿಗಳು ಆ ಮರಳು ಉಳಿದಿರುವಾಗಲೇ ಕೈಗೊಳ್ಳಬೇಕು.