ನಮ್ಮ ತಾಲ್ಲೂಕಿನ ಮೊದಲ ನಿವಾಸಿಗಳು

ಸುವರ್ಣ ಮಹೋತ್ಸವದ ಸಂಚಿಕೆಗೆ ನಮ್ಮ ಭಾಗದ ಚರಿತ್ರೆಯ ಬಗ್ಗೆ ಒಂದು ಲೇಖನ ಬೇಕೆಂದು ಸಂಪಾದಕ ಮಿತ್ರರು ಕೇಳಿದರು. ಇತಿಹಾಸದ ಮೇಷ್ಟರಾದ ನನ್ನಿಂದ ಪಾಳೆಯಗಾರರನ್ನೋ ವೀರಗಲ್ಲುಗಳನ್ನೋ ನಿರೀಕ್ಷಿಸಿದ್ದಿರಬೇಕು. ಕಾವಲ್ ಎಂಬ ಹೆಸರನ್ನೇ ಹಿಡಿದು, ಸಂಸ್ಥಾನದ ಕಾಲದ ಅಮೃತಮಹಲ್ ಹುಲ್ಲುಗಾವಲುಗಳಿಂದ ಆರಂಭಿಸಿ, ಈಗ 615 ಎಕರೆಯಲ್ಲಿ ಎದ್ದಿರುವ ಎಚ್.ಎ.ಎಲ್. ಹೆಲಿಕಾಪ್ಟರ್ ಕಾರ್ಖಾನೆಯವರೆಗೂ ಬರೆಯಬಹುದಿತ್ತು. ಅದನ್ನು ಬರೆಯಬಲ್ಲವರು ಬೇರೆ ಇದ್ದಾರೆ. ನಾನು ಇನ್ನೂ ಸ್ವಲ್ಪ ಹಿಂದಕ್ಕೆ, ಸುಮಾರು 260 ಕೋಟಿ ವರ್ಷ ಹಿಂದಕ್ಕೆ ಹೋಗುತ್ತೇನೆ.

ನಮ್ಮ ಗುಬ್ಬಿ ತಾಲ್ಲೂಕಿನ ದೊಡ್ಡಗುಣಿಯ ಹೆಸರು ನಮಗಿಂತ ಭೂವಿಜ್ಞಾನಿಗಳಿಗೆ ಹೆಚ್ಚು ಪರಿಚಿತ. ಅಲ್ಲಿನ ಸುಣ್ಣಕಲ್ಲಿನಲ್ಲಿ ಸ್ಟ್ರೊಮ್ಯಾಟೊಲೈಟ್‌ಗಳಿವೆ ಎಂಬ ವರದಿ 1986ರಲ್ಲಿ ಜಿಯಲಾಜಿಕಲ್ ಸೊಸೈಟಿ ಆಫ್ ಇಂಡಿಯಾದ ಪತ್ರಿಕೆಯಲ್ಲಿ ಪ್ರಕಟವಾಯಿತು. ಹೆಸರು ಕಠಿಣ, ವಸ್ತು ಸರಳ. ಕೆರೆಯ ಮೆಟ್ಟಿಲ ಮೇಲೆ ಕಾಲು ಜಾರಿಸುವ ಪಾಚಿಯನ್ನು ನೆನೆಯಿರಿ. ಅಂಥದೇ ನೀಲಿಹಸಿರು ಸೂಕ್ಷ್ಮಜೀವಿಗಳು ಆಳವಿಲ್ಲದ ಸಮುದ್ರದ ತಳದಲ್ಲಿ ಚಾಪೆಯಂತೆ ಹರಡುತ್ತವೆ. ಅಂಟಾದ ಆ ಚಾಪೆಯ ಮೇಲೆ ಸುಣ್ಣದ ಕಣಗಳು ಕೂರುತ್ತವೆ. ಬೆಳಕಿಗಾಗಿ ಜೀವಿಗಳು ಮೇಲಕ್ಕೆ ಬಂದು ಹೊಸ ಚಾಪೆ ಹಾಸುತ್ತವೆ. ಹೀಗೆ ಪದರದ ಮೇಲೆ ಪದರ ಕೂಡಿ ಕಲ್ಲಿನ ಗುಬ್ಬಟೆಯಾಗುತ್ತದೆ. ಆಸ್ಟ್ರೇಲಿಯಾದ ಶಾರ್ಕ್ ಬೇಯಲ್ಲಿ ಇವು ಇಂದಿಗೂ ಬೆಳೆಯುತ್ತಿವೆ, ವರ್ಷಕ್ಕೆ ಅರ್ಧ ಮಿಲಿಮೀಟರಿಗೂ ಕಡಿಮೆ. ಅಂದರೆ ನಮ್ಮ ಶಾಲೆಯ ಐವತ್ತು ವರ್ಷಕ್ಕೆ ಎರಡು ಬೆರಳಗಲವೂ ಇಲ್ಲ!

ಬರಗಾಲಕ್ಕೆ ಹೆಸರಾದ ಈ ಸೀಮೆಯಲ್ಲಿ ಸಮುದ್ರವೆ? ಪಂಡಿತರೂ ಇದನ್ನು ಸುಲಭವಾಗಿ ಒಪ್ಪಿದವರಲ್ಲ. 1886ರಲ್ಲಿ ರಾಬರ್ಟ್ ಬ್ರೂಸ್ ಫೂಟ್ ಈ ಹಳೆಯ ಶಿಲೆಗಳಿಗೆ ಧಾರವಾಡ ಶಿಲೆಗಳೆಂದು ಹೆಸರಿಟ್ಟರು. 1894ರಲ್ಲಿ ಮೈಸೂರು ಸಂಸ್ಥಾನ ತನ್ನದೇ ಭೂವಿಜ್ಞಾನ ಇಲಾಖೆಯನ್ನು ತೆರೆಯಿತು. ಅದರ ಮುಖ್ಯಸ್ಥರಾಗಿದ್ದ ಸ್ಮೀತ್ ಅವರು ಈ ಶಿಲೆಗಳು ಬಹುಪಾಲು ಅಗ್ನಿಜನ್ಯ ಎಂದು ವಾದಿಸಿದರು. ಬೆಂಕಿಯಲ್ಲಿ ಹುಟ್ಟಿದ ಕಲ್ಲಿನಲ್ಲಿ ಜೀವದ ಗುರುತನ್ನು ಯಾರು ಹುಡುಕುತ್ತಾರೆ? ಅದೇ ಇಲಾಖೆಯ ಬಿ. ರಾಮರಾವ್ ಅವರು ಅಲೆಯ ಗೆರೆಗಳನ್ನೂ ಪದರಗಳನ್ನೂ ತೋರಿಸಿ, ಇವುಗಳಲ್ಲಿ ಬಹಳಷ್ಟು ನೀರಿನ ತಳದಲ್ಲಿ ಕೂಡಿದ ಕಲ್ಲುಗಳೆಂದು ಸ್ಥಾಪಿಸಿದರು. 1940ರಲ್ಲಿ ಅವರ ದೊಡ್ಡ ವರದಿ ಬಂತು. ಮೇಲಧಿಕಾರಿಯ ಮಾತಿಗಿಂತ ಕಲ್ಲಿನ ಮಾತನ್ನು ನಂಬಿದವರು ಅವರು. ಆ ದಾರಿ ತೆರೆಯದಿದ್ದರೆ ದೊಡ್ಡಗುಣಿಯ ಗುಬ್ಬಟೆಗಳು ಬರೀ ಕಲ್ಲಾಗಿಯೇ ಉಳಿಯುತ್ತಿದ್ದವೇನೋ.

ಆ ಜೀವಿಗಳ ಕುಲ ಲೋಕಕ್ಕೆ ಮಾಡಿದ ಉಪಕಾರ ದೊಡ್ಡದು. ಬಿಸಿಲಿನಿಂದ ಆಹಾರ ತಯಾರಿಸಿಕೊಂಡು ಆಮ್ಲಜನಕವನ್ನು ಹೊರಬಿಟ್ಟವು. ಸಮುದ್ರದಲ್ಲಿ ಕರಗಿದ್ದ ಕಬ್ಬಿಣ ಆ ಆಮ್ಲಜನಕದೊಡನೆ ಸೇರಿ ತಳಕ್ಕೆ ಇಳಿಯಿತೆಂಬುದು ಕಬ್ಬಿಣದ ಅದಿರು ಉಂಟಾದ ಬಗ್ಗೆ ಇರುವ ಒಂದು ಮುಖ್ಯ ವಿವರಣೆ. ಪಕ್ಕದ ಚಿಕ್ಕನಾಯಕನಹಳ್ಳಿಯ ಅದಿರು ಅದೇ ಪುರಾತನ ಕಾಲದ್ದು. 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳ ಕಬ್ಬಿಣದ ಗಣಿಗಾರಿಕೆಯನ್ನು ತಡೆಯುವ ತನಕ ಅದನ್ನು ಹೊತ್ತ ಲಾರಿಗಳ ಕೆಂಧೂಳು ಯಾರಿಗೆ ನೆನಪಿಲ್ಲ? ಸುಣ್ಣಕಲ್ಲಿನ ಕಥೆಯೂ ಬೇರೆಯಲ್ಲ. ಅಮ್ಮಸಂದ್ರದಲ್ಲಿ ಸಿಮೆಂಟ್ ಕಾರ್ಖಾನೆ ಬಂದದ್ದು ಈ ಭಾಗದ ಸುಣ್ಣಕಲ್ಲನ್ನು ನಂಬಿಕೊಂಡೇ. ಅದರಿಂದ ಎಷ್ಟೋ ಮನೆಗಳ ಒಲೆ ಉರಿದಿದೆ, ಅದನ್ನು ದೂರಲಾರೆ. ಆದರೆ ಪುಡಿಯಾದ ಕಲ್ಲನ್ನು ಮತ್ತೆ ಓದಲು ಬರುವುದಿಲ್ಲ.

ರಾಜಸ್ಥಾನದ ಭೋಜುಂದದಲ್ಲಿ ಇಂಥದೇ ಕಲ್ಲುಗಳನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಕಾಪಾಡಿದ್ದಾರೆ. ಅವು ನಮ್ಮವಕ್ಕಿಂತ ಬಹಳ ಕಿರಿಯವು. ಕರ್ನಾಟಕದಲ್ಲಿ ಬೆಂಗಳೂರಿನ ಲಾಲ್‌ಬಾಗ್ ಬಂಡೆಗೂ ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯ ದಿಂಬುಲಾವಾಕ್ಕೂ ಆ ಮನ್ನಣೆ ಸಿಕ್ಕಿದೆ. ನಮ್ಮ ಜಿಲ್ಲೆಗೆ ಸಿಕ್ಕಿಲ್ಲ.

ಆ ಕಡೆ ಹೊಲ, ತೋಟ ಇರುವ ಹಳೆಯ ವಿದ್ಯಾರ್ಥಿಗಳಿಗೆ ಒಂದು ಕೋರಿಕೆ. ಬೂದು ಬಣ್ಣದ ಸುಣ್ಣಕಲ್ಲಿನ ಮೇಲೆ ಅಡ್ಡ ಹೆಚ್ಚಿದ ಈರುಳ್ಳಿಯಂತೆ ಬಾಗಿದ ಗೆರೆಗಳು ಒಂದರೊಳಗೊಂದು ಕಂಡರೆ ಸುತ್ತಿಗೆ ಹಾಕಬೇಡಿ. ಪಕ್ಕದಲ್ಲಿ ಒಂದು ಪೆನ್ನಿಟ್ಟು ಫೋಟೊ ತೆಗೆದು, ಜಾಗದ ಗುರುತು ಬರೆದು, ನಮ್ಮ ಶಾಲೆಯ ವಿಜ್ಞಾನದ ಮೇಷ್ಟರಿಗೆ ತಲುಪಿಸಿ.