ಅಟ್ಟದ ಮೇಲಿನ ಡಬ್ಬಿಗಳು

ನಮ್ಮ ಅಡುಗೆಮನೆಯ ಅಟ್ಟದ ಮೇಲೆ ಎರಡು ತಗಡಿನ ಡಬ್ಬಿಗಳಿದ್ದವು. ಒಂದರಲ್ಲಿ ಕೋಡುಬಳೆ, ಇನ್ನೊಂದರಲ್ಲಿ ಶಂಕರಪೋಳಿ. ಅಪ್ಪ ಬಸ್ ಡ್ರೈವರ್. ಬೆಳಗಿನ ಜಾವ ಮನೆ ಬಿಟ್ಟರೆ ಮರಳುವುದು ರಾತ್ರಿಯೇ. ಹೊರಡುವಾಗ ಅಮ್ಮ ಒಂದು ಹಿಡಿ ಕೋಡುಬಳೆಯನ್ನು ಪೇಪರಿನಲ್ಲಿ ಸುತ್ತಿ ಅವರ ಚೀಲಕ್ಕೆ ಹಾಕುತ್ತಿದ್ದಳು. 1994ರಲ್ಲಿ, ನಾನಿನ್ನೂ ಕಾಲೇಜಿನಲ್ಲಿದ್ದಾಗ, ಅಪ್ಪ ಹೃದಯಾಘಾತದಿಂದ ತೀರಿಕೊಂಡರು. ಆಗ ಅವರಿಗೆ ಐವತ್ತೆರಡು.

ನನಗೂ ಈಗ ಐವತ್ತು ದಾಟಿದೆ. ಕಳೆದ ವರ್ಷ ರಕ್ತಪರೀಕ್ಷೆ ಮಾಡಿಸಿದಾಗ ಒಟ್ಟು ಕೊಲೆಸ್ಟರಾಲ್ 248, ಕೆಟ್ಟದ್ದೆಂದು ಕರೆಯುವ ಎಲ್‌ಡಿಎಲ್ 166 ಎಂದು ಬಂತು. ಮನೆಗೆ ಬಂದವನನ್ನು ಅಮ್ಮ "ಏನಂದ್ರು ಡಾಕ್ಟ್ರು?" ಎಂದು ಕೇಳಿದಳು. "ಕೊಲೆಸ್ಟರಾಲ್ ಜಾಸ್ತಿ ಇದೆಯಂತೆ. ಕರಿದದ್ದು ಕಡಿಮೆ ಮಾಡಿ, ನಡೆಯಿರಿ ಅಂದ್ರು" ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ಹೇಳಿದಳು: "ಹಾಗಾದ್ರೆ ನಿಮ್ಮಪ್ಪನ್ನ ನಾನೇ ಕೊಂದೆ ಅನ್ನು."

ನಾನು ಇತಿಹಾಸದ ಮೇಷ್ಟ್ರು. 'ಹಾಗೆಲ್ಲ ಅನ್ನಬೇಡಮ್ಮ' ಎಂಬ ಸಮಾಧಾನದ ಮಾತು ಅವಳಿಗೆ ಸಾಲದು ಎಂದು ಗೊತ್ತಿತ್ತು. ಯಾವ ಆರೋಪ ಬಂದರೂ ಆ ಕಾಲದಲ್ಲಿ ಯಾರಿಗೆ ಏನು ಗೊತ್ತಿತ್ತು ಎಂದು ಮೊದಲು ಕೇಳಬೇಕು ಅಂತ ಮಕ್ಕಳಿಗೆ ಪಾಠ ಹೇಳುವವನು ನಾನು. ಅದನ್ನೇ ನಮ್ಮ ಮನೆಯ ಡಬ್ಬಿಗಳ ಬಗ್ಗೆ ಕೇಳತೊಡಗಿದೆ.

ಕೊಲೆಸ್ಟರಾಲಿನ ಕತೆ ಶುರುವಾಗುವುದು ಹೃದಯದಿಂದಲ್ಲ, ಪಿತ್ತಕೋಶದಿಂದ. ಹದಿನೆಂಟನೆಯ ಶತಮಾನದ ಫ್ರೆಂಚ್ ರಸಾಯನಜ್ಞರಿಗೆ ಪಿತ್ತದ ಕಲ್ಲುಗಳಲ್ಲಿ ಮೇಣದಂಥ ಒಂದು ಬಿಳಿಯ ವಸ್ತು ಸಿಕ್ಕಿತ್ತು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಮಿಷೆಲ್ ಶೆವ್ರಲ್ ಅದಕ್ಕೊಂದು ಹೆಸರಿಟ್ಟ. ಗ್ರೀಕ್ ಭಾಷೆಯಲ್ಲಿ 'ಕೊಲೆ' ಎಂದರೆ ಪಿತ್ತ, 'ಸ್ಟೀರಿಯೋಸ್' ಎಂದರೆ ಗಟ್ಟಿ. ಗಟ್ಟಿಯಾದ ಪಿತ್ತ, ಅಷ್ಟೆ. ಆಗ ಅದರಲ್ಲಿ ಯಾರೂ ಕೇಡು ಕಂಡಿರಲಿಲ್ಲ.

ಕೇಡಿನ ಮೊದಲ ಸುಳಿವು ಕೊಟ್ಟದ್ದು ಮೊಲಗಳು. 1913ರಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ನಿಕೊಲಾಯ್ ಅನಿಚ್ಕೋವ್ ಎಂಬ ಯುವ ವೈದ್ಯ ಕೊಲೆಸ್ಟರಾಲನ್ನು ಸೂರ್ಯಕಾಂತಿ ಎಣ್ಣೆಯಲ್ಲಿ ಕರಗಿಸಿ ಮೊಲಗಳಿಗೆ ತಿನ್ನಿಸಿದ. ಅವುಗಳ ರಕ್ತನಾಳಗಳ ಗೋಡೆಯಲ್ಲಿ, ಮನುಷ್ಯರಲ್ಲಿ ಕಾಣುವಂಥದೇ ಕೊಬ್ಬಿನ ಗಂಟುಗಳು ಬೆಳೆದವು. ಇಲಿ, ನಾಯಿಗಳ ಮೇಲೆ ಇದೇ ಪ್ರಯೋಗ ಮಾಡಿದವರಿಗೆ ಇದೇ ಫಲ ಸಿಗಲಿಲ್ಲ. ಸೊಪ್ಪು ತಿನ್ನುವ ಮೊಲಕ್ಕೆ ಕೊಬ್ಬು ಒಗ್ಗುವುದಿಲ್ಲ, ಅದರಿಂದ ಮನುಷ್ಯನ ಬಗ್ಗೆ ಏನು ಹೇಳಲು ಬರುತ್ತದೆ ಎಂದು ಬಹಳಷ್ಟು ಜನ ಸುಮ್ಮನಾದರು. ಮನುಷ್ಯರ ಲೆಕ್ಕ ಸಿಗಲು ಇನ್ನೂ ದಶಕಗಳು ಬೇಕಾದವು. 1948ರಲ್ಲಿ ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಎಂಬ ಪಟ್ಟಣದಲ್ಲಿ 5,209 ಜನರನ್ನು ವರ್ಷಾನುಗಟ್ಟಲೆ ಗಮನಿಸುವ ಅಧ್ಯಯನ ಶುರುವಾಯಿತು. ರಕ್ತದ ಕೊಲೆಸ್ಟರಾಲ್, ರಕ್ತದೊತ್ತಡ, ಧೂಮಪಾನ ಹೆಚ್ಚಿದ್ದವರಿಗೆ ಹೃದಯಾಘಾತ ಹೆಚ್ಚು ಎಂಬುದು 1960ರ ದಶಕದ ಹೊತ್ತಿಗೆ ಸ್ಪಷ್ಟವಾಯಿತು. ನಮ್ಮಮ್ಮ ಆಗಿನ್ನೂ ಲಂಗ ಉಟ್ಟು ಶಾಲೆಗೆ ಹೋಗುತ್ತಿದ್ದಳು.

ಅಪ್ಪನ ವಿಷಯಕ್ಕೆ ಬಂದರೆ, ಡಬ್ಬಿಗಿಂತ ಮೊದಲು ಅವರ ಸೀಟನ್ನು ನೋಡಬೇಕು. 1953ರಲ್ಲಿ ಜೆರ್ರಿ ಮಾರಿಸ್ ಎಂಬ ಬ್ರಿಟಿಷ್ ವೈದ್ಯ ಲಂಡನ್ನಿನ ಬಸ್ ನೌಕರರ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದ. ಅಲ್ಲಿನ ಡಬಲ್ ಡೆಕ್ಕರ್ ಬಸ್ಸುಗಳಲ್ಲಿ ಡ್ರೈವರ್ ಇಡೀ ದಿನ ಕೂತಿರುತ್ತಾನೆ. ಕಂಡಕ್ಟರ್ ಟಿಕೆಟ್ ಕೊಡುತ್ತ ದಿನಕ್ಕೆ ಐನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಿ ಇಳಿಯುತ್ತಾನೆ. ಇಬ್ಬರದೂ ಒಂದೇ ಬಸ್ಸು, ಒಂದೇ ಊರು, ಹೆಚ್ಚುಕಡಿಮೆ ಒಂದೇ ಸಂಬಳದ ವರ್ಗ. ಆದರೂ ಹೃದ್ರೋಗ ಕಂಡಕ್ಟರುಗಳಿಗೆ ಕಡಿಮೆ. ಬಂದರೂ ತಡವಾಗಿ, ಪ್ರಾಣ ತೆಗೆಯುವಷ್ಟು ತೀವ್ರವಾಗದೆ. ಮಾರಿಸ್ ಅಲ್ಲಿಗೇ ನಿಲ್ಲಲಿಲ್ಲ. ಮೂರು ವರ್ಷದ ಮೇಲೆ ಇದೇ ನೌಕರರ ಸಮವಸ್ತ್ರದ ಅಳತೆಗಳನ್ನು ತೆಗೆದು ನೋಡಿದಾಗ ಡ್ರೈವರುಗಳ ಪ್ಯಾಂಟಿನ ಸೊಂಟ ಕಂಡಕ್ಟರುಗಳದಕ್ಕಿಂತ ದೊಡ್ಡದಿತ್ತು. ಅಂದರೆ ವ್ಯತ್ಯಾಸವೆಲ್ಲ ಮೆಟ್ಟಿಲಿನದೇ ಅಲ್ಲ, ಮೈಕಟ್ಟಿನದೂ ಇರಬಹುದು. ತನ್ನದೇ ತೀರ್ಮಾನವನ್ನು ತಾನೇ ಪರೀಕ್ಷೆಗೆ ಒಡ್ಡಿದ ಈ ಕೆಲಸವನ್ನು ನಾನು ಈಗ ತರಗತಿಯಲ್ಲೂ ಹೇಳುತ್ತೇನೆ.

ಅಪ್ಪ ದಿನಕ್ಕೆ ಹತ್ತು ಗಂಟೆ ಕೂತಿರುತ್ತಿದ್ದರು. ಬಸ್ಸು ನಿಂತಲ್ಲಿ ಬೀಡಿ, ಚಹ, ಬೋಂಡ. ಚೀಲದಲ್ಲಿ ಕೋಡುಬಳೆ. ಇದರಲ್ಲಿ ಅಮ್ಮನ ಪಾಲು ಒಂದು ಹಿಡಿ ಮಾತ್ರ.

ಆ ಹಿಡಿಯ ಬಗ್ಗೆಯೂ ಹೇಳಬೇಕು. ಅಮ್ಮ ಕರಿಯುತ್ತಿದ್ದುದು ವನಸ್ಪತಿಯಲ್ಲಿ. ಎಣ್ಣೆಗೆ ಹೈಡ್ರೋಜನ್ ಸೇರಿಸಿ ಗಟ್ಟಿ ಮಾಡುವ ವಿಧಾನಕ್ಕೆ ಜರ್ಮನಿಯ ವಿಲ್ಹೆಲ್ಮ್ ನಾರ್ಮನ್ 1902ರಲ್ಲಿ ಪೇಟೆಂಟ್ ಪಡೆದ. ತುಪ್ಪ ಕೊಳ್ಳಲಾಗದ ಮನೆಗಳಿಗೆ ತುಪ್ಪದಂತೆ ಕಾಣುವ ಈ ಅಗ್ಗದ ಪದಾರ್ಥ ನಮ್ಮ ದೇಶದಲ್ಲಿ ಬೇಗ ಒಗ್ಗಿತು. ಅದರಲ್ಲಿ ಕರಿದದ್ದು ಗರಿಗರಿಯಾಗುತ್ತಿತ್ತು, ತಿಂಗಳಾದರೂ ಕಮಟು ಬರುತ್ತಿರಲಿಲ್ಲ. ವಿರೋಧವೂ ಇತ್ತು. ಗಾಂಧೀಜಿ ಒಪ್ಪಿರಲಿಲ್ಲ. ಸ್ವಾತಂತ್ರ್ಯ ಬಂದ ಮೇಲೆ ಇದನ್ನು ನಿಷೇಧಿಸಬೇಕೇ, ಬಣ್ಣವನ್ನಾದರೂ ಹಾಕಬೇಕೇ ಎಂಬ ಚರ್ಚೆ ಬಹಳ ನಡೆಯಿತು. ಕೊನೆಗೆ ಕಾನೂನು ಕೇಳಿದ್ದು ವನಸ್ಪತಿಗೆ ಶೇಕಡಾ 5ರಷ್ಟು ಎಳ್ಳೆಣ್ಣೆ ಸೇರಿಸಿ ಎಂದು. ಏಕೆಂದರೆ ಎಳ್ಳೆಣ್ಣೆಯನ್ನು ಒಂದು ಸರಳ ಬಣ್ಣದ ಪರೀಕ್ಷೆಯಿಂದ ಗುರುತಿಸಬಹುದು. ತುಪ್ಪಕ್ಕೆ ವನಸ್ಪತಿ ಬೆರೆಸಿದ ವ್ಯಾಪಾರಿ ಸಿಕ್ಕಿಬೀಳುತ್ತಾನೆ. ಆ ನಿಯಮದ ಕಾಳಜಿ ತುಪ್ಪದ ಶುದ್ಧತೆ. ತಿನ್ನುವವರ ಎದೆಯ ಬಗ್ಗೆ ಆಗ ಮಾತಿರಲಿಲ್ಲ.

ಇರುವುದೂ ಸಾಧ್ಯವಿರಲಿಲ್ಲ ಎನ್ನಬೇಕು. ಎಣ್ಣೆಯನ್ನು ಅರೆಬರೆ ಗಟ್ಟಿಗೊಳಿಸುವಾಗ ಹುಟ್ಟುವ ಟ್ರಾನ್ಸ್ ಕೊಬ್ಬು ಕೆಟ್ಟ ಕೊಲೆಸ್ಟರಾಲನ್ನು ಏರಿಸಿ ಒಳ್ಳೆಯದನ್ನು ಇಳಿಸುತ್ತದೆ ಎಂದು ನೆದರ್ಲೆಂಡ್ಸ್‌ನ ಮೆನ್ಸಿಂಕ್ ಮತ್ತು ಕಟಾನ್ ಪ್ರಯೋಗದಿಂದ ತೋರಿಸಿದ್ದು 1990ರಲ್ಲಿ. ಅಪ್ಪ ತೀರಿಕೊಳ್ಳುವುದಕ್ಕೆ ನಾಲ್ಕು ವರ್ಷ ಮೊದಲು. ಡೆನ್ಮಾರ್ಕ್ ಅದಕ್ಕೆ ಕಾನೂನಿನ ಮಿತಿ ಹಾಕಿದ್ದು 2003ರಲ್ಲಿ. ಭಾರತದಲ್ಲಿ ಎಣ್ಣೆ ಮತ್ತು ಕೊಬ್ಬುಗಳಲ್ಲಿ ಟ್ರಾನ್ಸ್ ಕೊಬ್ಬು ಶೇಕಡಾ 2ನ್ನು ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದು 2022ರ ಜನವರಿಯಲ್ಲಿ. ವಿಜ್ಞಾನಿಗಳಿಗೆ ಆಗಷ್ಟೇ ತಿಳಿಯುತ್ತಿದ್ದ, ಸರ್ಕಾರಗಳು ಮುಂದಿನ ಮೂವತ್ತು ವರ್ಷ ತೆಗೆದುಕೊಂಡ ವಿಷಯವನ್ನು ಒಲೆಯ ಮುಂದೆ ಕೂತ ನಮ್ಮಮ್ಮ ಹೇಗೆ ತಿಳಿಯಬೇಕಿತ್ತು?

ಇಷ್ಟನ್ನೂ ಅವಳಿಗೆ ಹೇಳಿದೆ. ಗಮನವಿಟ್ಟು ಕೇಳಿದಳು. ಆಮೇಲೆ "ಸರಿ, ಆಗ ಗೊತ್ತಿರಲಿಲ್ಲ. ಈಗ ಗೊತ್ತಲ್ಲ. ಗೊತ್ತಾದವರು ಯಾರಾದರೂ ಬಿಟ್ಟಿದ್ದಾರಾ?" ಎಂದಳು. ಅದಕ್ಕೆ ಉತ್ತರ ಹೇಳಲು ಫಿನ್ಲೆಂಡಿಗೆ ಹೋಗಬೇಕು.

ಫಿನ್ಲೆಂಡಿನ ಪೂರ್ವ ಗಡಿಯಲ್ಲಿ ಉತ್ತರ ಕರೇಲಿಯಾ ಎಂಬ ಪ್ರಾಂತ್ಯವಿದೆ. ಕಾಡು, ಕೆರೆ, ಹಸುಗಳ ಸೀಮೆ. 1960ರ ದಶಕದಲ್ಲಿ ಅಲ್ಲಿನ ನಡುವಯಸ್ಸಿನ ಗಂಡಸರು ಹೃದಯಾಘಾತದಿಂದ ಸಾಯುತ್ತಿದ್ದ ಪ್ರಮಾಣ ಜಗತ್ತಿನಲ್ಲೇ ಅತಿ ಹೆಚ್ಚಿನವುಗಳಲ್ಲಿ ಒಂದಾಗಿತ್ತು. ಮರ ಕಡಿಯುವ, ಹೊಲ ಉಳುವ ಗಟ್ಟಿಮುಟ್ಟಾದ ಜನ ಅವರು. ಆದರೆ ಬ್ರೆಡ್ಡಿಗೆ ದಪ್ಪಗೆ ಬೆಣ್ಣೆ, ಊಟಕ್ಕೆ ಕೆನೆಹಾಲು, ಕೊಬ್ಬಿನ ಮಾಂಸ, ಉಪ್ಪು, ಸಿಗರೇಟು. ತರಕಾರಿಯೆಂದರೆ ದನಗಳ ಮೇವು ಎಂಬ ತಾತ್ಸಾರ. ಬೆಣ್ಣೆಯೆಂದರೆ ಅವರಿಗೆ ಬರೀ ರುಚಿಯಲ್ಲ, ಆದಾಯ, ಅಭಿಮಾನ, ಅತಿಥಿಸತ್ಕಾರ. ನಮ್ಮಲ್ಲಿ ತುಪ್ಪವಿದ್ದ ಹಾಗೆ.

1971ರಲ್ಲಿ ಆ ಪ್ರಾಂತ್ಯದವರೇ ತಮ್ಮನ್ನು ಕಾಪಾಡಲು ಏನಾದರೂ ಮಾಡಿ ಎಂದು ಸರ್ಕಾರಕ್ಕೆ ಮನವಿ ಸಲ್ಲಿಸಿದರು. ಮರುವರ್ಷ ಒಂದು ಯೋಜನೆ ಶುರುವಾಯಿತು. ಅದರ ಹೊಣೆ ಹೊತ್ತವನು ಪೆಕ್ಕಾ ಪುಸ್ಕಾ ಎಂಬ, ಇನ್ನೂ ಮೂವತ್ತು ತುಂಬದ ವೈದ್ಯ. ಕರಪತ್ರ ಹಂಚಿದರೆ ಸಾಲದು ಎಂದು ಅವನಿಗೆ ಬೇಗ ಅರ್ಥವಾಯಿತು. ಮಾರ್ತಾ ಎಂಬ ಗೃಹಿಣಿಯರ ಹಳೆಯ ಸಂಘವೊಂದು ಹಳ್ಳಿಹಳ್ಳಿಗಳಲ್ಲಿತ್ತು. ಆ ಹೆಂಗಸರು 'ದೀರ್ಘಾಯುಷ್ಯದ ಕೂಟ'ಗಳನ್ನು ಏರ್ಪಡಿಸಿ, ತಮ್ಮದೇ ಸಾಂಪ್ರದಾಯಿಕ ಸಾರನ್ನು ಕಡಿಮೆ ಮಾಂಸ, ಹೆಚ್ಚು ತರಕಾರಿ, ಕಡಿಮೆ ಉಪ್ಪಿನಿಂದ ಮಾಡಿ ಊರಿಗೆಲ್ಲ ಬಡಿಸಿದರು. ಹಾಲಿನ ಡೇರಿಗಳು, ಅಂಗಡಿಗಳು ಕೊಬ್ಬು ಕಡಿಮೆಯ ಹಾಲನ್ನು ತಂದವು. ಆ ಚಳಿಯಲ್ಲಿ ಬೆಳೆಯಬಲ್ಲ ಎಣ್ಣೆಬೀಜದ ತಳಿ ಬಂತು. ಹಾಲಿಗೆ ಬೇಡಿಕೆ ಇಳಿದರೆ ರೈತ ಏನು ಮಾಡಬೇಕು ಎಂಬ ಪ್ರಶ್ನೆ ಎದ್ದಾಗ, ಕಾಡಿನ ಸೀಮೆಗೆ ಒಗ್ಗುವ ಬೆರಿ ಹಣ್ಣುಗಳನ್ನು ಬೆಳೆದು ಮಾರುವ ವ್ಯವಸ್ಥೆ ಮಾಡಿದರು. ಕೊಲೆಸ್ಟರಾಲ್ ಯಾರು ಹೆಚ್ಚು ಇಳಿಸುತ್ತಾರೆಂದು ಹಳ್ಳಿಗಳ ನಡುವೆ ಪಂದ್ಯ ನಡೆದವು. ಕುದಿಸಿದ ಗಸಿಯ ಕಾಫಿ ಬಿಟ್ಟು ಕಾಗದದಲ್ಲಿ ಸೋಸಿದ ಕಾಫಿ ಕುಡಿಯುವ ರೂಢಿ ದೇಶದಲ್ಲೆಲ್ಲ ಹಬ್ಬಿದ್ದೂ ಕೊಲೆಸ್ಟರಾಲ್ ಇಳಿಯಲು ನೆರವಾಯಿತು.

ಸುಮಾರು ಮೂವತ್ತೈದು ವರ್ಷಗಳಲ್ಲಿ ಅಲ್ಲಿನ ದುಡಿಯುವ ವಯಸ್ಸಿನ ಗಂಡಸರಲ್ಲಿ ಹೃದ್ರೋಗದ ಸಾವು ಶೇಕಡಾ 80ಕ್ಕೂ ಹೆಚ್ಚು ಇಳಿಯಿತು. ಇದರಲ್ಲಿ ಯೋಜನೆಯ ಪಾಲೆಷ್ಟು ಎಂಬ ಬಗ್ಗೆ ವಾದವಿದೆ. ಅದೇ ಕಾಲದಲ್ಲಿ ಫಿನ್ಲೆಂಡಿನ ಉಳಿದ ಪ್ರಾಂತ್ಯಗಳಲ್ಲೂ ಸಾವು ಇಳಿಯಿತು, ಚಿಕಿತ್ಸೆಯೂ ಸುಧಾರಿಸಿತು. ಆದರೆ ಇಡೀ ಒಂದು ಸೀಮೆಯ ಜನರ ರಕ್ತದ ಕೊಲೆಸ್ಟರಾಲ್ ಸರಾಸರಿ ಇಳಿದದ್ದು, ಅದು ಬಹುಮಟ್ಟಿಗೆ ತಟ್ಟೆ ಬದಲಾದುದರಿಂದ ಎಂಬುದು ನಿಜ.

ಕರೇಲಿಯಾದ ಕತೆಯಿಂದ ನಾನು ಕಲಿತದ್ದು ಒಂದೇ. ಕೊಲೆಸ್ಟರಾಲನ್ನು ನಾವು ಒಬ್ಬೊಬ್ಬರ ನಾಲಿಗೆಚಪಲದ ಲೆಕ್ಕವೆಂದು ತಿಳಿದಿದ್ದೇವೆ. ಏರಿದರೆ ಅವನ ತಪ್ಪು, ಇಲ್ಲವೇ ಅಡುಗೆ ಮಾಡಿದವಳ ತಪ್ಪು. ಆದರೆ ಅದನ್ನು ಏರಿಸಿದ್ದೂ ಇಳಿಸಿದ್ದೂ ಅಂಗಡಿ, ಡೇರಿ, ಕಾನೂನು, ಕೆಲಸದ ಕುರ್ಚಿ, ನೆರೆಮನೆಯ ಪದ್ಧತಿ ಎಲ್ಲವೂ ಸೇರಿಯೇ.

ಹಾಗಂತ ನನ್ನ ಪಾಲಿನ ಕೆಲಸ ತಪ್ಪುವುದಿಲ್ಲ. ಕೊಲೆಸ್ಟರಾಲ್ ವಿಷವಲ್ಲ. ಜೀವಕೋಶದ ಪೊರೆಗೆ, ಹಾರ್ಮೋನುಗಳಿಗೆ, ಪಿತ್ತರಸಕ್ಕೆ ಅದು ಬೇಕು. ಹೆಚ್ಚಿನ ಪಾಲನ್ನು ದೇಹವೇ ತಯಾರಿಸಿಕೊಳ್ಳುತ್ತದೆ. ರಕ್ತದಲ್ಲಿ ಹೆಚ್ಚಾದ ಎಲ್‌ಡಿಎಲ್ಲನ್ನು ಯಕೃತ್ತು ಎಳೆದುಕೊಳ್ಳುವ ಬಗೆಯನ್ನು ವಿವರಿಸಿದ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್‌ಗೆ 1985ರಲ್ಲಿ ನೊಬೆಲ್ ಬಂತು. ಬೆಣ್ಣೆ, ತುಪ್ಪ, ಪಾಮ್ ಎಣ್ಣೆಗಳಲ್ಲಿರುವ ಪರ್ಯಾಪ್ತ ಕೊಬ್ಬು ಆ ಎಳೆದುಕೊಳ್ಳುವಿಕೆಯನ್ನು ತಗ್ಗಿಸುತ್ತದೆ. ಕಾಳು, ಓಟ್ಸ್, ಬಾರ್ಲಿ, ಹಣ್ಣುಗಳಲ್ಲಿ ನೀರಲ್ಲಿ ಕರಗುವ ನಾರಿದೆ. ಅದು ಕರುಳಿನಲ್ಲಿ ಪಿತ್ತರಸವನ್ನು ಹಿಡಿದು ಹೊರಗೆ ಸಾಗಿಸುತ್ತದೆ. ಹೊಸ ಪಿತ್ತ ಮಾಡಲು ಯಕೃತ್ತು ರಕ್ತದಿಂದ ಕೊಲೆಸ್ಟರಾಲ್ ಎಳೆದುಕೊಳ್ಳಲೇಬೇಕು. ಶೆವ್ರಲ್ ಪಿತ್ತದ ಹೆಸರನ್ನೇ ಇಟ್ಟದ್ದು ಸರಿಯಾಗಿಯೇ ಇತ್ತು.

ಸಂಜೆ ಐದಕ್ಕೆ ನನ್ನ ಕೈ ಈಗಲೂ ಅಟ್ಟದ ಕಡೆಗೆ ಹೋಗುತ್ತದೆ. ಅಭ್ಯಾಸವನ್ನು ಬರೀ ತೆಗೆಯಲಾಗದು, ಆ ಹೊತ್ತಿಗೆ ಇನ್ನೊಂದನ್ನು ಇಡಬೇಕು. ಈಗ ಅಲ್ಲಿ ಹುರಿದ ಕಡಲೆ, ಉಪ್ಪಿಲ್ಲದ ಶೇಂಗಾ ಇವೆ. ವಾರಕ್ಕೆ ಮೂರು ದಿನ ಹೆಸರುಕಾಳಿನ ಉಸಲಿ. ಊಟವಾದ ಮೇಲೆ ಅರ್ಧ ಗಂಟೆ ನಡಿಗೆ. ಮೂರು ತಿಂಗಳಲ್ಲಿ ಎಲ್‌ಡಿಎಲ್ 166ರಿಂದ 147ಕ್ಕೆ ಇಳಿಯಿತು. ಖುಷಿಯಿಂದ ತೋರಿಸಿದೆ. ವೈದ್ಯರು ಅಪ್ಪನ ವಯಸ್ಸು ಕೇಳಿ, ಇಷ್ಟು ಸಾಲದು ಎಂದು ಮಾತ್ರೆಯನ್ನೂ ಬರೆದರು. ಜಪಾನಿನ ಅಕಿರಾ ಎಂಡೊ 1970ರ ದಶಕದಲ್ಲಿ ಒಂದು ಬೂಸ್ಟಿನಿಂದ ಬೇರ್ಪಡಿಸಿದ ವಸ್ತುವಿನ ವಂಶದ ಮಾತ್ರೆ ಅದು. ಅದನ್ನೂ ನುಂಗುತ್ತೇನೆ, ಉಸಲಿಯನ್ನೂ ತಿನ್ನುತ್ತೇನೆ.

ಅಮ್ಮನಿಗೆ ಇತಿಹಾಸದಲ್ಲಿ ಹಿಡಿಸಿದ್ದು ಮಾರ್ತಾ ಹೆಂಗಸರು ಮಾತ್ರ. "ಊರಿಗೂರೇ ಸೇರಿ ಬಿಟ್ರಲ್ಲ, ಅದಕ್ಕೇ ಆಯ್ತು. ಒಬ್ಬಳೇ ಬಿಟ್ರೆ ಜಿಪುಣಿ ಅಂತಾರೆ" ಎಂದಳು. ಹೋದ ತಿಂಗಳು ನಮ್ಮ ಮನೆಯಲ್ಲಿ ಅವಳ ಭಜನೆ ಮಂಡಳಿಯ ಸರದಿ. ಬಂದ ಹದಿನಾರು ಜನಕ್ಕೂ ಬೋಂಡದ ಬದಲು ಕಡಲೆಕಾಳಿನ ಉಸಲಿ, ಬಾಳೆಹಣ್ಣು. ಒಬ್ಬಾಕೆ ಮುಖ ಸಿಂಡರಿಸಿದರಂತೆ. ಇಬ್ಬರು ಮಾಡುವ ಬಗೆ ಕೇಳಿದರಂತೆ.

ಅಪ್ಪನ ಸಾವಿಗೆ ಕಾರಣ ಯಾವುದೆಂದು ಬೀಡಿ, ಸೀಟು, ವನಸ್ಪತಿ, ವಂಶ ಎಂದು ಬಿಡಿಸಿ ಪಾಲು ಹಾಕಲು ಯಾವ ಇತಿಹಾಸಕ್ಕೂ ಆಗದು. ಆದರೆ ಅಮ್ಮ ಆ ಮಾತನ್ನು ಮತ್ತೆ ಆಡಿಲ್ಲ. ಗೌರಿ ಹಬ್ಬಕ್ಕೆ ಒಂದು ಡಬ್ಬಿ ಕೋಡುಬಳೆ ಮಾಡುತ್ತಾಳಂತೆ, ಶೇಂಗಾ ಎಣ್ಣೆಯಲ್ಲಿ. ಮೂರು ತಿನ್ನಬಹುದು ಎಂದು ನನಗೆ ಈಗಲೇ ಹೇಳಿಟ್ಟಿದ್ದಾಳೆ.