ನೆರಳು ಮತ್ತು ನೆಲೆ

ಮನುಷ್ಯ ತನ್ನ ಊರನ್ನು ಬಿಡುವುದಕ್ಕೆ ಕಾರಣ ಒಂದು. ಇನ್ನೊಂದು ಊರಿನಲ್ಲಿ ನೆಲೆ ನಿಲ್ಲುವುದಕ್ಕೆ ಕಾರಣ ಮತ್ತೊಂದು. ಇವೆರಡನ್ನೂ ಒಂದೇ ಎಂದು ಭಾವಿಸುವುದರಿಂದ ನಮ್ಮ ವಿಚಾರದಲ್ಲಿ ಗೊಂದಲ ಹುಟ್ಟುತ್ತದೆ. ಯೂರೋಪಿನ ಬಾಗಿಲಲ್ಲಿ ನಿಂತ ನಿರಾಶ್ರಿತರ ಮಾತು ಬಂದಾಗ, ‘ಪ್ರಾಣಭಯದಿಂದ ಓಡಿ ಬಂದವರಾದರೆ ಮೊದಲು ಆಶ್ರಯ ದೊರೆತ ದೇಶದಲ್ಲೇ ಏಕೆ ಉಳಿಯಲಿಲ್ಲ?’ ಎಂದು ಕೇಳುವವರುಂಟು. ಪ್ರಶ್ನೆ ಸಹಜವಾದದ್ದೇ. ಅದರ ಉತ್ತರಕ್ಕಾಗಿ ಬಹುದೂರ ಹೋಗಬೇಕಾಗಿಲ್ಲ, ನಮ್ಮ ಕಾವೇರಿಯ ದಂಡೆಯಲ್ಲೇ ಅದು ದೊರೆಯುತ್ತದೆಂದು ನನಗೆ ತೋರುತ್ತದೆ.

ಕಾವೇರಿ, ಕಪಿಲೆಯರ ಸಂಗಮಕ್ಕೆ ಸಮೀಪವಾದ ಸೋಸಲೆ ಚಿಕ್ಕ ಊರು. ಆದರೂ ಅದರ ಹೆಸರು ದೊಡ್ಡದೊಂದು ಪರಂಪರೆಯೊಡನೆ ಸೇರಿಕೊಂಡಿದೆ. ಇದೇ ಸೀಮೆಯ ಬನ್ನೂರಿನಲ್ಲಿ ಹುಟ್ಟಿದರೆಂದು ಹೇಳಲಾಗುವ ವ್ಯಾಸರಾಯರು ವಿಜಯನಗರದ ಅರಸರ ಗೌರವಕ್ಕೆ ಪಾತ್ರರಾಗಿ, 1539ರಲ್ಲಿ ತುಂಗಭದ್ರೆಯ ತೀರದಲ್ಲೇ ದೇಹವಿಟ್ಟರು. 1565ರಲ್ಲಿ ಆ ರಾಜಧಾನಿ ಹಾಳಾಯಿತು. ಅರಸು ಮನೆತನವೇ ಪೆನುಕೊಂಡೆಗೆ ಸರಿಯಿತು. ಆನೆಗೊಂದಿಯ ನವವೃಂದಾವನದಲ್ಲಿ ಗುರುವಿನ ವೃಂದಾವನ ಉಳಿಯಿತು. ಆತನ ಪೀಠದ ಒಂದು ಶಾಖೆಗೆ ಮುಂದಿನ ಕಾಲದಲ್ಲಿ ಸೋಸಲೆ ನೆಲೆಯಾಯಿತು. ರಾಜ್ಯವೊಂದು ಮುರಿದಾಗ ವಿದ್ಯೆಯೂ ಗಂಟು ಕಟ್ಟಿಕೊಂಡು ಹೊರಡುತ್ತದೆ. ಹೊರಟದ್ದು ಎಲ್ಲಿ ನಿಲ್ಲುತ್ತದೆಂಬುದನ್ನು ಮಾತ್ರ ಭಯವು ನಿರ್ಣಯಿಸುವುದಿಲ್ಲ. ಪೋಷಿಸುವವರು, ಉಂಬಳಿಯ ನೆಲ, ಶಿಷ್ಯರ ಮನೆಗಳು, ಇವು ಎಲ್ಲಿ ಕೂಡಿಬರುತ್ತವೆಯೋ ಅಲ್ಲಿ ಅದು ಬೇರು ಬಿಡುತ್ತದೆ.

ಸೋಸಲೆಯನ್ನು ಹಾದುಹೋಗುವ ಈ ಹೊಳೆಯ ಜಾಡನ್ನೇ ಹಿಡಿದು ಮೇಲಕ್ಕೆ ನಡೆದರೆ, ಕೃಷ್ಣರಾಜಸಾಗರವನ್ನು ದಾಟಿ, ಕೊಡಗಿನ ಅಂಚಿನಲ್ಲಿ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆ ಸಿಗುತ್ತದೆ. 1959ರ ಮಾರ್ಚ್ 10ರಂದು ಲ್ಹಾಸಾ ನಗರದಲ್ಲಿ ಚೀನೀ ಆಳ್ವಿಕೆಯ ವಿರುದ್ಧ ಜನ ಎದ್ದರು. ಅದೇ ತಿಂಗಳ 31ರಂದು ದಲೈ ಲಾಮಾ ಭಾರತದ ನೆಲವನ್ನು ಮುಟ್ಟಿದರು. ಅವರ ಹಿಂದೆಯೇ ಸುಮಾರು 80,000 ಮಂದಿ ಹಿಮಾಲಯವನ್ನು ದಾಟಿದರೆಂದು ಅಂದಾಜು. ಅಸ್ಸಾಮಿನ ಶಿಬಿರಗಳಲ್ಲಿ ಸೆಕೆಯೂ ರೋಗವೂ ಅನೇಕರನ್ನು ಕಬಳಿಸಿದವು. ಉಳಿದವರಲ್ಲಿ ಬಹಳ ಮಂದಿ ಬೆಟ್ಟದ ರಸ್ತೆಗಳಲ್ಲಿ ಕಲ್ಲೊಡೆದು ಜೀವ ಹಿಡಿದರು. ಇವರನ್ನು ಒಂದೆಡೆ ನೆಲೆಗೊಳಿಸಲು ಕೇಂದ್ರ ಸರ್ಕಾರ ರಾಜ್ಯಗಳಿಂದ ಭೂಮಿ ಕೇಳಿದಾಗ, ಅಂದಿನ ಮೈಸೂರು ರಾಜ್ಯ ಸುಮಾರು 3,000 ಎಕರೆ ಕಾಡನ್ನು ಬಿಟ್ಟುಕೊಟ್ಟಿತು. 1960ರ ಕೊನೆಯಲ್ಲಿ ಮೊದಲ ತಂಡಗಳು ಬಂದವು.

ಬಿದಿರಿನ ಗುಡಿಸಲು, ರಾತ್ರಿ ಆನೆಯ ಕಾಟ, ಹಗಲು ಮರ ಕಡಿದು ಸುಡುವ ಕೆಲಸ. ಬಾರ್ಲಿ ಬೆಳೆದು ಯಾಕ್‌ಗಳನ್ನು ಸಾಕಿದ್ದ ಕೈಗಳು ಮುಸುಕಿನ ಜೋಳ ಬಿತ್ತಲು ಕಲಿತವು. 1966ರಲ್ಲಿ ಮುಂಡಗೋಡ, 1972ರಲ್ಲಿ ಹುಣಸೂರಿನ ಬಳಿಯ ಗುರುಪುರ, 1974ರಲ್ಲಿ ಕೊಳ್ಳೇಗಾಲದಾಚೆಯ ಒಡೆಯರಪಾಳ್ಯ, ಹೀಗೆ ವಸಾಹತುಗಳು ಬೆಳೆದವು. ಲ್ಹಾಸಾದ ಸೆರಾ ವಿಹಾರ ಅದೇ ಹೆಸರಿನಿಂದ ಬೈಲಕುಪ್ಪೆಯಲ್ಲಿ ಮತ್ತೆ ಎದ್ದಿತು. ನಾಡು ಕೊಟ್ಟದ್ದು ಸಣ್ಣ ದಾನವಲ್ಲ.

ಆದರೆ ಕೊಟ್ಟದ್ದು ನೆರಳು. ನೆಲೆ ಎಂಬುದು ಬೇರೆ. ಭಾರತ 1951ರ ನಿರಾಶ್ರಿತರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಸಹಿ ಹಾಕಿದ ದೇಶವಲ್ಲ. ಅತಿಥಿಗಳಾಗಿ ಬಂದವರು ಕಾನೂನಿನ ಕಣ್ಣಿಗೆ ವಿದೇಶೀಯರು. ಉಳುವ ಭೂಮಿ ಗುತ್ತಿಗೆಯದು. ಕೈಯಲ್ಲಿರುವುದು ಕಾಲಕಾಲಕ್ಕೆ ನವೀಕರಿಸಬೇಕಾದ ನೋಂದಣಿ ಪತ್ರ. 1950ರ ಜನವರಿ 26ರಿಂದ 1987ರ ಜೂನ್ 30ರವರೆಗೆ ಇಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತೀಯರೆಂಬ ಶಾಸನದ ಅರ್ಥ ಇವರಿಗೂ ಅನ್ವಯಿಸುತ್ತದೆಂದು ದೆಹಲಿಯ ಉಚ್ಚ ನ್ಯಾಯಾಲಯ 2010ರಲ್ಲಿಯೂ ಕರ್ನಾಟಕದ ಉಚ್ಚ ನ್ಯಾಯಾಲಯ 2013ರಲ್ಲಿಯೂ ಹೇಳಿದವು. ಆದರೆ 2017ರಲ್ಲಿ, ಭಾರತದ ಪಾಸ್‌ಪೋರ್ಟ್ ಬೇಕೆಂದವರು ವಸಾಹತನ್ನು ಬಿಡಬೇಕೆಂಬ ಷರತ್ತು ಸೇರಿಕೊಂಡಿತು. ಪೌರತ್ವ ಪಡೆದರೆ ಟಿಬೆಟ್ಟನ್ನೇ ಕೈಬಿಟ್ಟಂತಾಗುವುದೆಂಬ ಅಳುಕು ಅವರಲ್ಲೇ ಹಲವರಿಗೆ ಬೇರೆ ಇದೆ. 1987ರ ತರುವಾಯ ಹುಟ್ಟಿದವರಿಗಂತೂ, ತಾಯಿ ತಂದೆಯರಲ್ಲೊಬ್ಬರು ಭಾರತೀಯ ಪ್ರಜೆಯಾಗಿರದಿದ್ದರೆ, ಈ ಹಾದಿಯೂ ಇಲ್ಲ.

ನೆರಳಿಗೂ ನೆಲೆಗೂ ಇರುವ ಅಂತರ ನಮ್ಮ ರೈತನಿಗೆ ತಿಳಿಯದ್ದಲ್ಲ. 1974ರ ಭೂಸುಧಾರಣೆಯ ಕಾಲದಲ್ಲಿ ಗೇಣಿದಾರ ಏಳನೆಯ ನಮೂನೆಯ ಅರ್ಜಿ ಹಿಡಿದು ಭೂನ್ಯಾಯ ಮಂಡಳಿಯ ಮುಂದೆ ನಿಂತದ್ದು ಕೇವಲ ಅನ್ನಕ್ಕಾಗಿ ಅಲ್ಲ. ಅನ್ನ ಹೇಗೋ ನಡೆಯುತ್ತಿತ್ತು; ಧಣಿಯೂ ಕೆಲವೆಡೆ ಒಳ್ಳೆಯವನೇ ಆಗಿದ್ದನು. ಆದರೆ ಪಹಣಿಯಲ್ಲಿ ತನ್ನ ಹೆಸರಿಲ್ಲದೆ ಮಗನಿಗೆ ಹೊಲ ಬಿಟ್ಟುಹೋಗುವಂತಿರಲಿಲ್ಲ. ಧಣಿಯ ಒಳ್ಳೆಯತನ ಧಣಿಯೊಡನೆ ಮುಗಿಯುತ್ತದೆ. ಕಾಗದದ ಮೇಲಿನ ಹೆಸರು ಮಕ್ಕಳಿಗೆ ಉಳಿಯುತ್ತದೆ.

ಯೂರೋಪಿನ ಸೆಳೆತದ ಒಂದು ದೊಡ್ಡ ಭಾಗ ಇದೇ ಎಂದು ನನ್ನ ಎಣಿಕೆ. 1963ರಲ್ಲಿ ಸ್ವಿಟ್ಜರ್ಲೆಂಡಿನ ಸರ್ಕಾರ 1,000 ಟಿಬೆಟಿಯನ್ನರನ್ನು ಬರಮಾಡಿಕೊಳ್ಳಲು ಒಪ್ಪಿತು. ಅದರಲ್ಲಿ ಕರುಣೆಯಿತ್ತು, ಅಲ್ಲಿನ ಕಾರ್ಖಾನೆಗಳಿಗೆ ಆಗ ಆಳುಗಳ ಕೊರತೆಯೂ ಇತ್ತು. ರಿಕೋನ್ ಎಂಬ ಊರಿನ ಅಡುಗೆ ಪಾತ್ರೆಯ ಕಾರ್ಖಾನೆಯಲ್ಲಿ ಅವರಿಗೆ ಕೆಲಸ ಸಿಕ್ಕಿತು, ಕೆಲವೇ ವರ್ಷಗಳಲ್ಲಿ ಅದರ ಪಕ್ಕದಲ್ಲೇ ವಿಹಾರವೂ ಎದ್ದಿತು. ಅವರ ಮಕ್ಕಳು ಆ ದೇಶದ ಪ್ರಜೆಗಳಾದರು. ಈಚಿನ ದಶಕಗಳಲ್ಲಿ ಹಲವರು ಫ್ರಾನ್ಸಿಗೂ ಹೋದರು. ಸೇನ್ ಮತ್ತು ಓಯಿಸ್ ನದಿಗಳು ಕೂಡುವ ಕೊನ್‌ಫ್ಲಾನ್ ಎಂಬ ಊರಿನಲ್ಲಿ, ಹಳೆಯ ದೋಣಿಯೊಂದರಲ್ಲಿ ಧರ್ಮಸಂಸ್ಥೆಯೊಂದು ಅವರಿಗೆ ಊಟ, ಆಸರೆ ಕೊಟ್ಟಿತು. ಆ ಊರಿನ ಹೆಸರಿಗೆ ಸಂಗಮವೆಂದೇ ಅರ್ಥ. ನಮ್ಮ ತಿರುಮಕೂಡಲಿನಂತೆ ಅದೂ ಒಂದು ಕೂಡಲು.

ಇದನ್ನು ತಿಳಿದ ಮೇಲೆ ಸಿರಿಯಾದ ಜನರ ಕಥೆ ಅಪರಿಚಿತವೆನಿಸದು. ಅವರಲ್ಲಿ ಬಹುಪಾಲು ಮಂದಿ ನೆರೆಯಲ್ಲೇ ನಿಂತರು. 2015ರ ಕೊನೆಗೆ ಟರ್ಕಿಯೊಂದರಲ್ಲೇ ಸುಮಾರು 25 ಲಕ್ಷ ಸಿರಿಯನ್ನರಿದ್ದರು. ಆದರೆ ಯೂರೋಪಿನಿಂದ ಬಂದವರಲ್ಲದವರಿಗೆ ಆ ದೇಶ ಪೂರ್ಣ ನಿರಾಶ್ರಿತರ ಸ್ಥಾನವನ್ನು ಕೊಡುವುದಿಲ್ಲ. ಅವರು ಕಾನೂನುಬದ್ಧವಾಗಿ ದುಡಿಯುವುದಕ್ಕೆ ನಿಯಮ ಬಂದದ್ದೇ 2016ರಲ್ಲಿ. ಜೋರ್ಡಾನ್, ಲೆಬನಾನ್‌ಗಳಲ್ಲಿ ಹಣ ಸಾಲದೆ 2015ರಲ್ಲಿ ಆಹಾರದ ನೆರವು ಕಡಿತವಾಯಿತು. ಆ ವರ್ಷ 10 ಲಕ್ಷಕ್ಕೂ ಮಿಕ್ಕ ಜನ, ಸಿರಿಯನ್ನರೂ ಆಫ್ಘನ್ನರೂ ಇರಾಕಿಗಳೂ, ಕಡಲು ದಾಟಿ ಯೂರೋಪನ್ನು ಸೇರಿದರು. ಸಾವಿರಾರು ಮಂದಿ ದಾರಿಯಲ್ಲೇ ಮುಳುಗಿದರು. ಅಷ್ಟು ದೂರ ನಡೆಸಿದ್ದು ಸಿರಿವಂತಿಕೆಯ ಆಸೆಯೊಂದೇ ಎನ್ನುವುದು ನ್ಯಾಯವಲ್ಲ. ಆಸೆಯೂ ಇದ್ದೀತು, ಮೊದಲೇ ಹೋದ ಬಂಧುವಿನ ಕರೆಯೂ ಇದ್ದೀತು. ಮೊದಲ ಪಯಣಕ್ಕೆ ಭಯ ಕಾರಣ. ಎರಡನೆಯದಕ್ಕೆ ಮಕ್ಕಳ ಶಾಲೆ, ದುಡಿಮೆಯ ಹಕ್ಕು, ಹೆಸರುಳ್ಳ ಕಾಗದ ಕಾರಣ.

ಬೈಲಕುಪ್ಪೆಯಿಂದ ತರುಣರು ವಿದೇಶಕ್ಕೆ ಹೊರಟರೆಂದು ಕೇಳಿದಾಗ ನಮ್ಮಲ್ಲಿ ಕೆಲವರು ಅದನ್ನು ಕೃತಘ್ನತೆ ಎನ್ನುತ್ತಾರೆ. ನಾನು ಹಾಗೆನ್ನಲಾರೆ. ಹಾಗೆಯೇ ಕೊಟ್ಟ ನಾಡನ್ನು ಕೃಪಣವೆಂದೂ ಹಳಿಯಲಾರೆ. ತಾನೇ ಬಡವಾಗಿದ್ದ ಕಾಲದಲ್ಲಿ ಅದು ಕೈಯೆತ್ತಿ ಕೊಟ್ಟಿತು. ಆದರೆ ಆಶ್ರಯಕ್ಕೂ ಒಂದು ಆಯುಷ್ಯವಿದೆ. ಅಜ್ಜನಿಗೆ ಸಾಕಾದ ನೆರಳು ಮೊಮ್ಮಗನಿಗೆ ಸಾಲದಾಗುತ್ತದೆ. ಆಗ ಅವನು ಮತ್ತೆ ಗಂಟು ಕಟ್ಟುತ್ತಾನೆ, ತನ್ನ ಹೆಸರನ್ನು ಬರೆದುಕೊಳ್ಳುವ ಊರು ಎಲ್ಲಿದೆಯೆಂದು ವಿಚಾರಿಸುತ್ತಾನೆ.